ಹುಣಸೆಮಾಳದ ರಾವುತ

ಕೊಳ್ಳೇಗಾಲದಿಂದ ಹೊರಡುವ ‘ಗಡಿಗಾಳಿ’ ವಾರಪತ್ರಿಕೆಯಲ್ಲಿ ನಾನು ‘ಮಾತಿನ ಮಂಡಿ’ ಎಂಬ ಅಂಕಣ ಬರೆಯುತ್ತೇನೆ. ಪತ್ರಿಕೆಗೆ ಎಂಟು ಪುಟ. ಆರು ಪುಟ ಹುಟ್ಟುಹಬ್ಬದ ಶುಭಾಶಯ, ಒಂದು ಪುಟ ಶ್ರದ್ಧಾಂಜಲಿ. ಹುಟ್ಟಿಗೂ ಸಾವಿಗೂ ನಡುವೆ ಉಳಿದ ಒಂದೇ ಪುಟದಲ್ಲಿ ಸುದ್ದಿ ಮತ್ತು ನಾನು ಒತ್ತಿಕೊಂಡು ಕೂತಿರುತ್ತೇವೆ.

ಒಂದು ಪದವನ್ನು ಹಿಡಿದು ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ಊರಿಂದ ವಲಸೆ ಬಂತು ಎಂದು ಕೆದಕುವುದು ನನ್ನ ಕಸುಬು. ಸುಖವಾದ ಕಸುಬು. ಪದದ ಅಪ್ಪನ ಬಗ್ಗೆ ಏನು ಬರೆದರೂ ಯಾರೂ ಜಗಳಕ್ಕೆ ಬರುವುದಿಲ್ಲ.

ಈ ಫೆಬ್ರವರಿಯಲ್ಲಿ ಯಳಂದೂರಿನ ಓದುಗರು ಹರ್ಷವರ್ಧನ್ ಎಂಬುವರು ಒಂದು ಮೆಸೇಜು ಕಳಿಸಿದ್ದರು. “ಶಿವಲ್ರಿ ಅನ್ನೋ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನಂತಾರೆ ಸಾರ್? ಅದು ಎಲ್ಲಿಂದ ಬಂತು?” ನನಗೆ ಹಬ್ಬ. ‘ಶಿವ ಅಲ್ರೀ, ಕುದುರೆ!’ ಎಂದು ತಲೆಬರಹ ಕೊಟ್ಟು ಒಂದೇ ಏಟಿಗೆ ಬರೆದು ಮುಗಿಸಿದೆ.

ಬರೆದದ್ದು ಹೀಗೆ: ಹಳೇ ಲ್ಯಾಟಿನ್ನಿನಲ್ಲಿ ಒಳ್ಳೆಯ ಕುದುರೆಗೆ ಒಂದು ಹೆಸರು, ಹೊರೆ ಹೊರುವ ಬಡಕಲು ಕುದುರೆಗೆ ಇನ್ನೊಂದು. ಆ ಬಡಕಲು ಕುದುರೆಯ ಹೆಸರೇ ಫ್ರಾನ್ಸಿಗೆ ಹೋಗಿ ಮೈ ತುಂಬಿಕೊಂಡು ಎಲ್ಲ ಕುದುರೆಗಳ ಹೆಸರಾಯಿತು. ಅದನ್ನು ಏರಿದವನು, ನಮ್ಮ ಮಾತಿನಲ್ಲಿ ರಾವುತ. ರಾವುತರ ದಂಡು, ಅವರ ಕಸುಬು, ಇದೆಲ್ಲ ಸೇರಿ ಶಿವಲ್ರಿ. ಮೊದಮೊದಲು ಅದರಲ್ಲಿ ವಿನಯ ಗಿನಯ ಏನೂ ಇರಲಿಲ್ಲ. ಕುದುರೆ, ಕತ್ತಿ, ಕಬ್ಬಿಣದ ಅಂಗಿ ಅಷ್ಟೇ. ಮೇಲೆ ಕೂತವನು ಕೆಳಗಿದ್ದವರನ್ನು ತುಳಿಯದೆ ಹೋದರೆ ಅದೇ ದೊಡ್ಡ ಸೌಜನ್ಯ ಎನ್ನಿಸುತ್ತಿತ್ತೋ ಏನೋ, ಬರಬರುತ್ತ ಹೆಂಗಸರನ್ನು, ಬಡವರನ್ನು, ಸೋತವರನ್ನು ಮರ್ಯಾದೆಯಿಂದ ಕಾಣುವ ಗುಣಕ್ಕೇ ಆ ಹೆಸರು ನಿಂತಿತು. ನಮ್ಮ ನಿಘಂಟಿನವರು ಇದಕ್ಕೆ ದಾಕ್ಷಿಣ್ಯ ಎನ್ನುತ್ತಾರೆ. ದಕ್ಷಿಣ ಎಂದರೆ ಬಲಗೈ ಕಡೆ. ಬಲಗೈಯಂತೆ ಕರೆದಾಗ ಒದಗಿಬರುವ ಗುಣ ದಾಕ್ಷಿಣ್ಯ. ಆದರೆ ನಮ್ಮ ಕಡೆ ಆ ಪದ ಕೆಟ್ಟು ಕೂತಿದೆ. ಎದುರಿಗಿದ್ದವನ ಮುಖ ನೋಡಿ ‘ಆಗಲ್ಲ’ ಅನ್ನಲಾರದ ಸಂಕಟಕ್ಕೆ ದಾಕ್ಷಿಣ್ಯ ಎನ್ನುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾಗಿ ಹೆರಲು ಜಾಗವಿಲ್ಲದಂತಾದವರ ಊರು ನಮ್ಮದು.

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಕಾಲು ಪುಟ ಇನ್ನೂ ಖಾಲಿ ಇತ್ತು. ನಮ್ಮ ನೆಲದ್ದೇ ಒಂದು ಉದಾಹರಣೆ ಇರಲಿ ಎಂದು ನಮ್ಮೂರು ಹುಣಸೆಮಾಳದ ಸಿದ್ದಯ್ಯನನ್ನು ಎಳೆದು ತಂದೆ.

ಹುಣಸೆಮಾಳ ಮಧುವನಹಳ್ಳಿಯಿಂದ ಆಚೆ. ನಾನು ಹತ್ತನೇ ವಯಸ್ಸಿಗೆ ಹಾಸ್ಟೆಲು ಸೇರಿದವನು, ಈಗ ಮನೆ ಕೊಳ್ಳೇಗಾಲದಲ್ಲಿ. ಭಾನುವಾರಗಳಲ್ಲಿ ಅವ್ವನನ್ನು ನೋಡಲು ಊರಿಗೆ ಹೋಗುತ್ತೇನೆ. ಅವ್ವ ಮೇಗಲ ಬೀದಿಯ ನಮ್ಮ ಮನೆಯ ಜಗಲಿಯಲ್ಲಿ ಕೂತಿರುತ್ತಾಳೆ. ಕೆಳಗಲ ಕೇರಿಯ ಸಿದ್ದಯ್ಯ, ಅರವತ್ತೆಂಟರ ಮುದುಕ, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬರುತ್ತಾನೆ. ಬೀದಿ ಶುರುವಾಗುವ ಅರಳಿಮರದ ಬಳಿ ಎಂಜಿನ್ನು ಆರಿಸಿ ಇಳಿಯುತ್ತಾನೆ. ಅಷ್ಟು ಭಾರವನ್ನು ತಳ್ಳಿಕೊಂಡು ನಮ್ಮ ಮನೆ ದಾಟಿ, ಬೀದಿಯ ಕೊನೆಯಲ್ಲಿ ಮತ್ತೆ ಹತ್ತುತ್ತಾನೆ. ಅವ್ವನಿಗೆ ತಲೆಶೂಲೆ, ಸದ್ದು ಆಗುವುದಿಲ್ಲ. ಅದಕ್ಕೇ ಈ ಮನುಷ್ಯ ಇಳಿಯುತ್ತಾನೆ ಎಂದು ನಾನೇ ಕಥೆ ಕಟ್ಟಿಕೊಂಡು ಬರೆದೆ. ಕೊನೆಯ ಸಾಲು: ‘ಏರುವುದು ಯಾರಿಗೂ ಬರುತ್ತದೆ. ಇಳಿಯಲು ಗೊತ್ತಿರುವವನೇ ರಾವುತ. ನಮ್ಮ ಸಿದ್ದಯ್ಯ ಹುಣಸೆಮಾಳದ ರಾವುತ.’

ಓದಿದವರೆಲ್ಲ ಕೊಂಡಾಡಿದರು. ಹನೂರಿನಿಂದ ಒಬ್ಬರು ಫೋನು ಮಾಡಿ ಕಣ್ಣಲ್ಲಿ ನೀರು ಬಂತು ಎಂದರು.

ನನಗೆ ನಿಜ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ಅರ್ಧ ಸುಳ್ಳು. ಚಿಕ್ಕಂದಿನಲ್ಲಿ ಕೇರಿಯವರು ನಮ್ಮ ಬೀದಿಯಲ್ಲಿ ಸೈಕಲ್ಲಿನಿಂದ ಇಳಿಯುತ್ತಿದ್ದುದನ್ನು ಈ ಕಣ್ಣೇ ನೋಡಿದೆ. ಆ ಕಾಲ ಹೋಯಿತು ಎಂದುಕೊಂಡಿದ್ದೆ. ಹೋಗಿದ್ದರೆ ಮುದುಕ ಯಾಕೆ ಇಳಿಯುತ್ತಾನೆ ಎಂದು ಒಂದು ಸಲವೂ ಅವನನ್ನೇ ಕೇಳಲಿಲ್ಲ. ಕೇಳಿದ್ದರೆ ಅಂಕಣ ಕೆಡುತ್ತಿತ್ತು.

ಎರಡು ವಾರ ಬಿಟ್ಟು ಊರಿಗೆ ಹೋದೆ. ಅರಳಿಮರದ ಪಕ್ಕ ದೇವರಾಜುವಿನ ಟೀ ಅಂಗಡಿ. ಅದರ ಕಂಬಕ್ಕೆ ನನ್ನ ಅಂಕಣವನ್ನು ಲ್ಯಾಮಿನೇಶನ್ ಮಾಡಿಸಿ ಮೊಳೆ ಹೊಡೆದಿದ್ದರು. ಮಾಡಿಸಿದವರು ನಮ್ಮ ಚಿಕ್ಕಪ್ಪ ನಿಂಗರಾಜು, ಜೀವನದಲ್ಲಿ ಕರೆಂಟು ಬಿಲ್ಲು ಬಿಟ್ಟು ಬೇರೇನೂ ಓದದ ಮನುಷ್ಯ.

“ಬಾಪ್ಪಾ ಸಾಯಿತಿ,” ಎಂದರು ಚಿಕ್ಕಪ್ಪ. “ನೋಡ್ಲಾ, ನಿನ್ನ ಬರವು ಇನ್ಮೇಲೆ ಮಳಗೂ ನೆನಿಯಲ್ಲ, ಬಿಸ್ಲಿಗೂ ಬಾಡಲ್ಲ. ದೇವ್ರಾಜ, ನಮ್ ಶಾಂತರಾಜುಗೆ ಪೆಸಲ್ ಟೀ ಆಕ್ಲಾ.”

ಇಪ್ಪತ್ತು ವರ್ಷ ಬರೆದರೂ ನನ್ನ ಯಾವ ಬರಹಕ್ಕೂ ಪ್ಲಾಸ್ಟಿಕ್ಕಿನ ಅಂಗಿ ಸಿಕ್ಕಿರಲಿಲ್ಲ. ಟೀ ಲೋಟ ಹಿಡಿದು ನನ್ನನ್ನೇ ನಾನು ಓದಿಕೊಳ್ಳುತ್ತ ನಿಂತೆ.

ಆಗ ನೀಲಿ ಸ್ಕೂಟರೊಂದು ಬಂತು. ಮುಂದೆ ಐಸು ತುಂಬಿದ ಡಬ್ಬಿ, ಮೇಲೆ ಹೆಲ್ಮೆಟ್ಟಿನ ಹುಡುಗಿ. ಸಿದ್ದಯ್ಯನ ಮೊಮ್ಮಗಳು ಕೋಮಲ. ಕೊಳ್ಳೇಗಾಲದ ಒಂದು ಲ್ಯಾಬಿನಲ್ಲಿ ಕೆಲಸ. ಊರಿನ ಸಕ್ಕರೆ ಕಾಯಿಲೆಯವರ ಮನೆಗೇ ಹೋಗಿ ರಕ್ತ ತೆಗೆದು ಲ್ಯಾಬಿಗೆ ಒಯ್ಯುತ್ತಾಳೆ. ನಮ್ಮ ಅವ್ವ ಶಂಕರಮ್ಮನ ರಕ್ತವನ್ನೂ ತಿಂಗಳಿಗೊಮ್ಮೆ ಅವಳೇ ತೆಗೆಯುವುದು.

ಚಿಕ್ಕಪ್ಪ ಬೀದಿಗೆ ಅಡ್ಡ ನಿಂತರು. “ನಿಂತ್ಕ, ನಿಂತ್ಕ. ಇಂಜಿನ್ ಆಪ್ ಮಾಡು.”

“ಯಾಕ್ ಗೌಡ್ರೇ? ಯಾರ್ಗಾರಾ ಉಸಾರಿಲ್ವಾ?”

“ಎಲ್ಲಾರೂ ಗಟ್ಟಿಮುಟ್ಟಾಗವ್ರೆ. ಈ ಬೀದೀಲಿ ಗಾಡಿ ತಳ್ಕಂಡ್ ಓಗ್ಬೇಕು ಕಣವ್ವ. ನಿಮ್ ತಾತನ್ನ ನೋಡಿ ಕಲಿ.”

“ಆರ್ ತಿಂಗ್ಳಿಂದ ಕುಂತ್ಕಂಡೇ ಓಯ್ತಿದ್ದೀನಿ. ಆಗ ಯಾರೂ ಕೇಳ್ನಿಲ್ವಲ್ಲ?”

“ಆಗ ನಮ್ಗೂ ಮರ್ತೋಗಿತ್ತು,” ಎಂದರು ಚಿಕ್ಕಪ್ಪ, ಬಹಳ ಪ್ರಾಮಾಣಿಕವಾಗಿ. “ಈಗ ಪೇಪರ್ನೋರು ಗ್ಯಾಪಕ ಮಾಡವ್ರೆ. ಓದು, ಓದ್ದೋಳಲ್ವಾ ನೀನು.”

ಕೋಮಲ ಹೆಲ್ಮೆಟ್ಟಿನ ಗಾಜು ಎತ್ತಿ ಗಟ್ಟಿಯಾಗಿ ಓದಿದಳು. “‘ಏರುವುದು ಯಾರಿಗೂ ಬರುತ್ತದೆ. ಇಳಿಯಲು ಗೊತ್ತಿರುವವನೇ ರಾವುತ.’” ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನ್ನೊಳಗಿನ ಒಬ್ಬ ‘ವಾಕ್ಯ ಚೆನ್ನಾಗಿದೆ’ ಎಂದ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

“ಯಾರ್ ಬರ್ದಿರದು ಇದ್ನ?”

ಚಿಕ್ಕಪ್ಪ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

“ಓ, ನೀವೇಯಾ ಸಾ?” ಎಂದಳು. “ನಮ್ ತಾತ ನಿಮ್ಮವ್ವಾರ ತಲೆನೋವ್ಗೆ ಇಳೀತಾನೆ ಅಂತ ನಿಮ್ಗೆ ಯಾರ್ ಏಳುದ್ರು? ತಾತನ್ನ ಕೇಳುದ್ರಾ?”

“ಇಲ್ಲ... ನಾನೇ ಅಂದ್ಕೊಂಡೆ.”

“ಅಂದ್ಕಂಡ್ ಬರದ್ಬುಟ್ರಾ.”

ನಾನು ಟೀ ಲೋಟದೊಳಗೆ ನೋಡಿದೆ.

“ಇವತ್ತು ಅವ್ವಾರ ರಕ್ತ ತಗೀಬೇಕಿತ್ತು,” ಎಂದಳು ಕೋಮಲ. “ಅವ್ರ ಕೈ ಇಡ್ಕಂಡು ಸೂಜಿ ಚುಚ್ಚಕೆ ಅಡ್ಡಿ ಇಲ್ಲ. ಕುಂತ್ಕಂಡ್ ಬರಾಕೆ ಅಡ್ಡಿ. ಇಳಿಯಲ್ಲ ಗೌಡ್ರೇ ನಾನು. ನಿಮ್ ಬೀದಿ ನಿಮ್ಗೇ ಇರ್ಲಿ.”

ಸ್ಕೂಟರು ತಿರುಗಿಸಿ ಹೋದಳು. ಕೇರಿಯಿಂದ ಟಾರು ರಸ್ತೆಗೆ ಇನ್ನೊಂದು ದಾರಿ ಕೆರೆ ಏರಿಯ ಮೇಲೆ, ಮೂರು ಮೈಲಿ ಸುತ್ತು. ಮಳೆ ಹಿಡಿದರೆ ಅದು ಕೆಸರು ಗದ್ದೆ, ಸ್ಕೂಟರು ಹೋಗುವುದಿಲ್ಲ. ಅಂದರೆ ಮುಂಗಾರಿನೊಳಗೆ ಆ ಹುಡುಗಿ ಒಂದೋ ನಮ್ಮ ಬೀದಿಯಲ್ಲಿ ಇಳಿಯಬೇಕು, ಇಲ್ಲ ಕೆಲಸ ಬಿಡಬೇಕು. ತಾನಾಗಿ ಸಾಯುತ್ತಿದ್ದ ಒಂದು ರೂಢಿಗೆ ಬಾಯಲ್ಲಿ ಬಾಯಿಟ್ಟು ಉಸಿರೂದಿದವನು ನಾನು.

ಮನೆಗೆ ಹೋಗಿ ಅವ್ವನನ್ನು ಕೇಳಿದೆ. “ಸಿದ್ದಯ್ಯ ನಮ್ಮ ಬೀದೀಲಿ ಯಾಕವ್ವ ಇಳೀತಾನೆ?”

ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. “ಇಳೀತಾನಪ್ಪ, ಅದ್ಕೇನೀಗ? ನೀನೇ ಚೆಂದಾಗಿ ಬರ್ದಿದ್ದಿಯಂತಲ್ಲ, ನನ್ ತಲೆಶೂಲೆ ಅಂತ.”

“ನಿಜ ಏನು ಹೇಳವ್ವ.”

ಅವ್ವ ಕೈಯಲ್ಲಿದ್ದ ಸಿಪ್ಪೆ ಎಸೆದಳು. “ಅವ್ನಿಗೆ ಮದ್ವೇಲಿ ಮಾವನ್ ಮನೆಯೋರು ಒಸಾ ಸೈಕಲ್ ಕೊಟ್ಟಿದ್ರು. ಮೆರ್ಕಂಡು ಬೆಲ್ ಒಡ್ಕಂಡು ಈ ಬೀದೀಲಿ ಬಂದ. ನಿಮ್ಮಪ್ಪ ಇದೇ ಜಗ್ಲೀಲಿ ಕುಂತಿದ್ರು. ಕೆಳಗಿಳ್ಸಿ ಎರಡೂ ಚಕ್ರದ ಗಾಳಿ ಬುಟ್ರು. ಬೆಲ್ ಬಿಚ್ಕಂಡ್ರು. ‘ಇನ್ಮೇಲೆ ಈ ಬೀದೀಲಿ ಸದ್ದು ಬಂದದು, ಜ್ವಾಕೆ!’ ಅಂತ ಒಂದ್ ಕೂಗು ಕೂಗುದ್ರು. ಅವತ್ತಿಂದ ಇಳೀತಾನೆ.”

“ಬೆಲ್ ಏನಾಯ್ತು?”

ಅವ್ವ ತಲೆ ಎತ್ತಿದಳು. “ನಿಂಗೇ ಕೊಟ್ರಲ್ಲಪ್ಪ. ಆರ್ ವರ್ಸ ನಿಂಗಾಗ. ಅದ್ನೇ ಒತ್ಕಂಡು ಒತ್ಕಂಡು ಮನೆಯೆಲ್ಲಾ ತಿರುಗ್ತಿದ್ದೆ.”

ಆ ಬೆಲ್ಲು ಕೊಳ್ಳೇಗಾಲದಲ್ಲಿ ನನ್ನ ಬರೆಯುವ ಮೇಜಿನ ಮೇಲಿದೆ. ಫ್ಯಾನು ಗಾಳಿಗೆ ಹಾಳೆ ಹಾರದಂತೆ ಅದನ್ನೇ ಇಡುವುದು. ಅಪ್ಪ ತಂದುಕೊಟ್ಟ ಮೊದಲ ಆಟಿಕೆ ಎಂದು ಅದರ ಮೇಲೂ ಒಂದು ಅಂಕಣ ಬರೆದಿದ್ದೇನೆ. ಅದಕ್ಕೂ ಜನ ಫೋನು ಮಾಡಿದ್ದರು. ಶಿವಲ್ರಿ ಪುರಾಣ ಬರೆದ ಹಾಳೆಗಳ ಮೇಲೂ ಅದೇ ಬೆಲ್ಲು ಕೂತಿತ್ತು.

ಮುಂದಿನ ಭಾನುವಾರ ಬೆಲ್ಲನ್ನು ಜೇಬಿನಲ್ಲಿ ಹಾಕಿಕೊಂಡು ಕೆಳಗಲ ಕೇರಿಗೆ ಹೋದೆ. ಕೇರಿ ಶುರುವಾಗುವ ಕಡೆ ಬೈಕಿನಿಂದ ಇಳಿದು ತಳ್ಳಿಕೊಂಡು ಹೊರಟೆ. ಇದು ದೊಡ್ಡ ಪ್ರಾಯಶ್ಚಿತ್ತ ಎಂದು ನನ್ನ ಎಣಿಕೆ.

ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಚಿಕ್ಕಮಾದಮ್ಮ ಕೇಳಿದಳು, “ಪೆಟ್ರೋಲ್ ಕಾಲಿಯಾದ್ವಾ ಸಾ? ನಮ್ಮ ಐಕ್ಳ ಕೈಲಿ ತಳ್ಸನಾ?”

“ಇಲ್ಲ... ಸುಮ್ಮನೆ.”

“ಸುಮ್ನೆ ಯಾರಾರಾ ತಳ್ತಾರಾ?” ಎಂದು ಪಕ್ಕದವಳ ಮುಖ ನೋಡಿದಳು. ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡರು.

ಸಿದ್ದಯ್ಯ ರೇಷ್ಮೆ ಹುಳು ಮನೆಯಿಂದ ಓಡಿ ಬಂದ. “ಬನ್ನಿ ಬುದ್ಧಿ, ಕುಂತ್ಕಳಿ,” ಎಂದು ಇದ್ದ ಒಂದೇ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಿಂತೇ ಇದ್ದ. ಹಾಗಾಗಿ ನಾನೂ ನಿಂತೆ. ಕುರ್ಚಿ ಮಾತ್ರ ಮಧ್ಯೆ ಸುಖವಾಗಿ ಕೂತಿತ್ತು.

ಒಳಗಿನಿಂದ ಕೋಮಲ ಬಂದಳು. ನನ್ನನ್ನೂ ಬೈಕನ್ನೂ ನೋಡಿದಳು. “ಇಳ್ದು ತಳ್ಕಂಡ್ ಬಂದ್ರಂತೆ. ಇದ್ನೂ ಬರೀತೀರಾ ಸಾ?”

ಬರೆಯುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ದಾರಿಯಲ್ಲಿ ಬರುವಾಗಲೇ ಅದಕ್ಕೊಂದು ಮೊದಲ ಸಾಲು ಹೊಳೆದಿತ್ತು.

ಬೆಲ್ಲನ್ನು ತೆಗೆದು ಸಿದ್ದಯ್ಯನ ಕೈಗೆ ಕೊಟ್ಟೆ. ಅವನು ತಿರುಗಿಸಿ ನೋಡಿದ, ಹೆಬ್ಬೆರಳಿನಿಂದ ಒಂದು ಸಲ ಒತ್ತಿದ. ಟ್ರಿಣ್ ಎಂದಿತು. “ಅದೇಯ,” ಎಂದ ಮೆಲ್ಲಗೆ. “ನಮ್ ಮಾವ ಮೈಸೂರಿಂದ ತರ್ಸಿದ್ದ. ಇನ್ನೂ ನಾದ ಕೆಟ್ಟಿಲ್ಲ ನೋಡು ಕೂಸು.” ಮತ್ತೆ ನನ್ನ ಕಡೆ ಚಾಚಿದ. “ಮಡಿಕಳಿ ಬುದ್ಧಿ. ನಂಗ್ಯಾಕೆ? ಮೊಪೆಡ್ಗೆ ಆರನ್ ಅದೆ.”

“ತಪ್ಪಾಯ್ತು ಸಿದ್ದಯ್ಯ,” ಎಂದೆ.

“ಅಯ್ಯೋ, ಅಂಗೆಲ್ಲಾ ಅನ್ಬ್ಯಾಡಿ. ಪೇಪರ್ನಲ್ಲಿ ನನ್ನ ಎಸ್ರು ಬಂದದೆ ಅಂತ ಎಲ್ಲಾರೂ ಅಂದ್ರು. ನಂಗೆ ಓದಕ್ಕೆ ಬರಲ್ಲ. ಈ ಕೂಸು ಓದಿ ಏಳ್ನೂ ಇಲ್ಲ, ಕೊಡ್ನೂ ಇಲ್ಲ, ಅರ್ದು ಒಲೆಗಾಕ್ಬುಡ್ತು.”

ಕೋಮಲ ನಗಲಿಲ್ಲ. “ಸಾ, ಬೆಲ್ಲೂ ಬ್ಯಾಡ, ತಪ್ಪಾಯ್ತೂ ಬ್ಯಾಡ. ಇಲ್ಲಿ ಬಂದು ನಮ್ ಮುಂದೆ ಏಳುದ್ರೆ ಅಲ್ಲಿ ಕಂಬದ್ ಮೇಲಿರದು ಓಯ್ತದಾ? ತಾತ ಯಾಕ್ ಇಳೀತಾನೆ ಅಂತ ಬರೀರಿ. ಯಾರ ಜಗ್ಲಿ, ಯಾರು ಗಾಳಿ ಬುಟ್ಟೋರು, ಎಲ್ಲಾನೂವೆ. ಎಸ್ರು ಆಕಿ.”

“ನಮ್ಮಪ್ಪ ತೀರ್ಕೊಂಡು ಹನ್ನೆರಡು ವರ್ಷ ಆಯ್ತಮ್ಮ. ಸತ್ತೋರ ಹೆಸ್ರು... ಅವ್ವ ಬೇರೆ ಇದ್ದಾಳೆ. ‘ಒಬ್ಬ ಹಿರಿಯರು’ ಅಂತ ಬರೆದ್ರೆ?”

“ನಮ್ ತಾತ ಬದ್ಕವ್ನೆ,” ಎಂದಳು. “ಅವ್ನ ಎಸ್ರು ಆಕ್ವಾಗ ನಿಮ್ಗೆ ದಾಕ್ಷಿಣ್ಯ ಆಗ್ನಿಲ್ಲ.”

ನಾನು ಅರ್ಧ ಪುಟ ಸುತ್ತಿಬಳಸಿ ಬಿಡಿಸಿದ್ದ ಪದವನ್ನು ಆ ಹುಡುಗಿ ಒಂದೇ ಏಟಿಗೆ ನನ್ನ ಕೆನ್ನೆಯ ಮೇಲೆ ಬಿಡಿಸಿದಳು. ಬೆಲ್ಲನ್ನು ಮತ್ತೆ ಜೇಬಿಗಿಳಿಸಿ, ಬೈಕು ತಳ್ಳಿಕೊಂಡು ಹೋಗುವುದೋ ಹತ್ತಿ ಹೋಗುವುದೋ ತಿಳಿಯದೆ ಸ್ವಲ್ಪ ತಳ್ಳಿ, ಸ್ವಲ್ಪ ಹತ್ತಿ, ಚಿಕ್ಕಮಾದಮ್ಮನ ಕಣ್ಣು ತಪ್ಪಿಸಿ ಹೇಗೋ ಕೇರಿಯಿಂದ ಹೊರಬಿದ್ದೆ.

ಆ ವಾರ ಮೂರು ಸಲ ಬರೆದೆ. ಮೊದಲನೆಯದರಲ್ಲಿ ಜಾಣತನ ಹೆಚ್ಚಾಗಿ ಅಪ್ಪ ಒಬ್ಬ ತಮಾಷೆಯ ಮನುಷ್ಯನಂತೆ ಕಂಡ. ಎರಡನೆಯದರಲ್ಲಿ ನಾನೇ ಎಷ್ಟು ನೊಂದೆ ಎನ್ನುವುದು ಒಂದೂವರೆ ಕಾಲಂ ತಿಂದಿತ್ತು. ಮೂರನೆಯದು ಹನ್ನೊಂದೇ ಸಾಲು. ಹುಣಸೆಮಾಳದ ಮೇಗಲ ಬೀದಿ, ನನ್ನ ತಂದೆ ಚಿಕ್ಕಮಾದಪ್ಪ, ನಮ್ಮ ಮನೆಯ ಜಗಲಿ, ಸಿದ್ದಯ್ಯನ ಮದುವೆಯ ಸೈಕಲ್ಲು, ಎರಡು ಚಕ್ರದ ಗಾಳಿ, ಬೆಲ್ಲು ಯಾರ ಮೇಜಿನ ಮೇಲಿತ್ತು. ನಾನು ಸೌಜನ್ಯ ಎಂದು ಬರೆದದ್ದು ಹೆದರಿಕೆ, ಹೆದರಿಸಿದವರು ನಾವು. ಸಿದ್ದಯ್ಯನಿಗೂ ಕೋಮಲಳಿಗೂ ಇಳಿಯುವ ಕಾರಣವಿಲ್ಲ.

‘ಗಡಿಗಾಳಿ’ಯ ಸಂಪಾದಕ ಮಾದಸ್ವಾಮಿ ಓದಿ ಕನ್ನಡಕ ತೆಗೆದ. “ಏನಯ್ಯಾ ಇದು, ಒಂದ್ ನಗೂನೂ ಇಲ್ಲ? ನಿನ್ ಅಂಕಣಾಂತ ಯಾರಯ್ಯಾ ನಂಬ್ತಾರೆ? ‘ತಿದ್ದುಪಡಿ’ ಅಂತ ಕೆಳಗಡೆ ಎರಡು ಸಾಲು ಹಾಕ್ತೀನಿ ಬಿಡು.”

“ಹೊಗಳಿದ ಜಾಗದಲ್ಲೇ ಹಾಕು. ಅದೇ ಅಕ್ಷರದ ಗಾತ್ರ.”

“ನಿಮ್ಮಪ್ಪನ ಹೆಸ್ರು ತೆಗೀತೀನಿ.”

“ತೆಗೀಬೇಡ.”

ಶುಕ್ರವಾರ ಅಚ್ಚಾಯಿತು. ಹನೂರಿನವರು ಫೋನು ಮಾಡಲಿಲ್ಲ. ಹರ್ಷವರ್ಧನ್ ‘ಹ್ಮ್’ ಎಂದು ಕಳಿಸಿದರು. ಚಿಕ್ಕಪ್ಪ ಫೋನು ಮಾಡಿದರು: “ಸತ್ತಿರೋ ನಮ್ಮಣ್ಣನ್ನ ಎಬ್ಬಿಸ್ತಂದು ಬೀದೀಲಿ ನಿಲ್ಸುದ್ಯಲ್ಲಲಾ. ಅವ್ನ ಮಕುಕ್ಕೆ ಉಗುದಂಗಾಯ್ತು. ಇನ್ ಯಾವ್ ಮಕ ಒತ್ಕಂಡ್ ಊರಿಗ್ ಬತ್ತೀಯ?”

ಅವ್ವನಿಗೆ ಯಾರೋ ಓದಿ ಹೇಳಿದ್ದರು. ಅವಳು ಫೋನನ್ನೇ ಮಾಡಲಿಲ್ಲ.

ಭಾನುವಾರ ಇದ್ದ ಮುಖವನ್ನೇ ಹೊತ್ತುಕೊಂಡು ಹೋದೆ. ಹನ್ನೊಂದು ಸಾಲನ್ನು ನಾನೇ ಲ್ಯಾಮಿನೇಶನ್ ಮಾಡಿಸಿದ್ದೆ. ಟೀ ಅಂಗಡಿಯ ಕಂಬದಲ್ಲಿ ಹಳೆಯದನ್ನು ಕಿತ್ತು ಇದನ್ನು ಹೊಡೆಯುವಾಗ ದೇವರಾಜು ಸುತ್ತಿಗೆ ಕೊಟ್ಟ, ಆದರೆ ಟೀ ಕೊಡಲಿಲ್ಲ. ಎದುರು ಜಗಲಿಯಿಂದ ಚಿಕ್ಕಪ್ಪ ಎದ್ದು ಬಂದರು. ಓದಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು, ತಮ್ಮ ಅಗಲವಾದ ಬೆನ್ನಿನಿಂದ ಹನ್ನೊಂದು ಸಾಲನ್ನೂ ಮುಚ್ಚಿ ನಿಂತರು.

ನಾನು ಹೋಗಿ ಅವ್ವನ ಪಕ್ಕ ಕೂತೆ. ಅವ್ವ ಸರಿದು ಕೂತಳು.

ಹತ್ತು ಗಂಟೆಯ ಹೊತ್ತಿಗೆ ಅರಳಿಮರದ ಕಡೆಯಿಂದ ಸ್ಕೂಟರಿನ ಸದ್ದು ಕೇಳಿಸಿತು. ನೀಲಿ ಸ್ಕೂಟರು, ಕೋಮಲ, ಅವಳ ಹಿಂದೆ ಬಿಳಿ ಅಂಗಿ ಹಾಕಿಕೊಂಡ ಸಿದ್ದಯ್ಯ. ಮೊಮ್ಮಗಳ ಹೆಗಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಚಿಕ್ಕಪ್ಪ ಕೈ ಅಡ್ಡ ಮಾಡಿದರು. ಮಾಡಬೇಕಾದರೆ ಕಂಬ ಬಿಡಬೇಕಾಯಿತು. ಕೋಮಲ ಹಾರನ್ನೂ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಕೊಡ ಹೊತ್ತ ಹೆಂಗಸನ್ನು ದಾಟುವ ಹಾಗೆ ಪಕ್ಕದಿಂದ ಮೆಲ್ಲಗೆ ದಾಟಿದಳು. ಚಿಕ್ಕಪ್ಪನ ಕೈ ಗಾಳಿಯಲ್ಲೇ ಉಳಿಯಿತು.

ನಮ್ಮ ಮನೆ ಹತ್ತಿರವಾಗುತ್ತಿದ್ದಂತೆ ಮುದುಕ ಅವಳ ಹೆಗಲು ತಟ್ಟಿದ. ಅವಳು ನಿಲ್ಲಿಸಲಿಲ್ಲ. ನಲವತ್ತು ವರ್ಷದ ಅಭ್ಯಾಸ; ಅವನ ಎಡಗಾಲು ತಾನಾಗಿ ನೆಲಕ್ಕೆ ಇಳಿಯಿತು. ಒಂದಷ್ಟು ದೂರ ಎಳೆದುಕೊಂಡು ಬಂತು. ಚಪ್ಪಲಿ ಕಳಚಿ ಬೀದಿಯ ಮಧ್ಯೆ ಬಿತ್ತು.

ನಾನು ಎತ್ತಿಕೊಡಲು ಎದ್ದೆ. ಕೋಮಲ ಹೆಲ್ಮೆಟ್ಟಿನೊಳಗಿಂದ ನನ್ನನ್ನು ನೋಡಿದಳು. ಕೂತುಬಿಟ್ಟೆ.

ಅವಳು ಸ್ಕೂಟರು ತಿರುಗಿಸಿ ವಾಪಸು ಹೋದಳು. ಚಪ್ಪಲಿಯ ಪಕ್ಕಕ್ಕೇ ತಂದು ನಿಲ್ಲಿಸಿದಳು. “ಇಳೀಬ್ಯಾಡ ತಾತ. ಕಾಲ್ ಮಾತ್ರ ಬುಡು. ಇನ್ನೊಸಿ ಈಚ್ಗೆ... ಆ, ಸಿಕ್ತಾ?” ಮುದುಕ ಕೂತಲ್ಲಿಂದಲೇ ಹೆಬ್ಬೆರಳಿನಿಂದ ತಡಕಿ ತಡಕಿ ಚಪ್ಪಲಿಗೆ ಕಾಲು ತೂರಿಸಿದ. ಆ ಬೀದಿಯ ಎಂಟೂ ಜಗಲಿಗಳು ನೋಡುತ್ತಿದ್ದವು. ಮತ್ತೆ ತಿರುಗಿಸಿಕೊಂಡು ಬಂದು ನಮ್ಮ ಮನೆ ಮುಂದೆ ಸ್ಟ್ಯಾಂಡು ಹಾಕಿದಳು.

ಕೋಮಲ ಇಳಿದಳು. ಡಬ್ಬಿ ತೆಗೆದುಕೊಂಡು ಜಗಲಿ ಹತ್ತಿ ಅವ್ವನ ತೋಳಿಗೆ ರಬ್ಬರು ಪಟ್ಟಿ ಕಟ್ಟಿದಳು. “ಮುಷ್ಟಿ ಬಿಗಿ ಮಾಡವ್ವ. ಓದ್ ತಿಂಗ್ಳು ತಪ್ಪೋಯ್ತು. ಸಿಹಿ ಗಿಹಿ ತಿಂದ್ರಾ?”

ಅವ್ವ ಮುಷ್ಟಿ ಬಿಗಿದಳು. ನನ್ನ ಕಡೆ ನೋಡಲಿಲ್ಲ, ಸೂಜಿಯ ಕಡೆಯೂ ನೋಡಲಿಲ್ಲ. ನಿಂತ ಸ್ಕೂಟರಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದ ಸಿದ್ದಯ್ಯನನ್ನು ನೋಡುತ್ತಿದ್ದಳು. ರಕ್ತ ಸೀಸೆಗೆ ತುಂಬುವಷ್ಟು ಹೊತ್ತು ನೋಡಿದಳು.

“ಸಿದ್ದ,” ಎಂದಳು ಕೊನೆಗೆ. “ಇಳ್ದು ಬಾ. ಜಗ್ಲೀಲಿ ಕುಂತ್ಕ, ಕಾಪಿ ಕುಡಿವಂತೆ.”

ಸಿದ್ದಯ್ಯ ಸೀಟಿನ ಮೇಲೆ ಸ್ವಲ್ಪ ಸರಿದ. ಇಳಿಯುತ್ತಾನೆ ಎಂದುಕೊಂಡೆ. ಇಳಿಯಲಿ ಎಂದೂ ಆಸೆಪಟ್ಟೆ. ಇಳಿದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಬ್ಯಾಡಿ ಅವ್ವಾ,” ಎಂದ ಅವನು, ಎರಡೂ ಕಾಲು ಫುಟ್‌ರೆಸ್ಟಿನ ಮೇಲೆ ಊರಿಕೊಂಡು. “ಇಲ್ಲೇ ಚೆಂದಾಗದೆ.”